ಹುಳವಿಲ್ಲದ ಬಾವಿ

ಕೊಲ್ಹಾಪುರದ ಅರಿವೆ ಅಂಗಡಿಯವನು ಮಾಂಜರಪಾಟ ಬಟ್ಟೆಯ ಗಟ್ಟಿ ಥಾನನ್ನು ಗಾದಿಯ ಮೇಲೆ ಎಸೆದು ಬಿಚ್ಚಿದಾಗ ಗಂಜಿಯ ವಾಸನೆ ಎದ್ದಿತು. ಮಗ್ಗದಿಂದ ನೇರ ಬಂದ, ಇನ್ನೂ ನೀರು ಕಾಣದ ಕೋರಾ ಬಟ್ಟೆಯ ವಾಸನೆ. ಸ್ವಲ್ಪ ಹುಳಿ, ಸ್ವಲ್ಪ ಹಿಟ್ಟು. ನನ್ನನ್ನು ಹೇಳದೆ ಕೇಳದೆ ಇಚಲಕರಂಜಿಯ ಚಂಪಾ ಅತ್ತೆಯ ಹಿತ್ತಲಿಗೆ ಎಳೆದೊಯ್ಯುವ ಅಧಿಕಾರ ಈ ವಾಸನೆಗೆ ಮೊದಲಿನಿಂದಲೂ ಇದೆ. ಆದರೆ ಅಂದು ಹಾಗೆ ಎಳೆಸಿಕೊಳ್ಳುವ ಮೊದಲು ಒಂದು ಪರೀಕ್ಷೆ ಆಗಬೇಕಿತ್ತು. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಅಂಗಡಿಯ ಬಾಗಿಲಿಗೆ ಬಂದು, ಸೂರ್ಯನಿಗೆ ಅಡ್ಡ ಹಿಡಿದು ನೋಡಿದೆ. ಅದರ ಮೂಲಕ ಸೂರ್ಯಬಿಂಬ ಕಾಣಬಾರದು. ಕಂಡರೆ ಆ ಬಟ್ಟೆ ನೀರು ಸೋಸಲು ಯೋಗ್ಯವಲ್ಲ.

"ಏನ್ರಿ ಮಾಸ್ತರ, ಅರಿವೀದು ಎಕ್ಸರೇ ತಗ್ಯಾಕತ್ತೀರೇನು?" ಎಂದ ಅಂಗಡಿಯವನು.

ಗಡಹಿಂಗ್ಲಜದ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಅಪಹಾಸ್ಯವನ್ನು ನಿರ್ವಿಕಾರವಾಗಿ ಸ್ವೀಕರಿಸುವುದರಲ್ಲಿ ನನ್ನ ಅನುಭವ ದೊಡ್ಡದು. "ನಮ್ಮ ಅತ್ತಿ ಹೇಳ್ಯಾಳ್ರಿ" ಎಂದೆ. ಅವನು ಕತ್ತರಿ ತೆಗೆದುಕೊಂಡ. ಅದಕ್ಕಿಂತ ದೊಡ್ಡ ಕಾರಣವನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ.

ಅತ್ತೆ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದು ಇಷ್ಟು: "ಬಾವೀದು ಸರಕಾರದ ಕೆಲಸಾ ಮುಗೀತಂತ ತಮ್ಮಾ. ಸೋಸಾಕ ಹೊಸಾ ಅರಿವಿ ತಗೊಂಡ ಬಾ. ಈ ಸಲ ಮುನಿಗೋಳು ಚಾತುರ್ಮಾಸಕ್ಕ ನಮ್ಮ ಬಸದಿಗೇ ಬರಾಕತ್ತಾರ. ನಮ್ಮ ಬಾವಿ ನೀರಾಗ ಅವರಿಗೆ ಒಂದ ಸಲ ಆಹಾರ ಕೊಡಬೇಕು."

ಈ ಮಾತಿನ ತೂಕ ತಿಳಿಯಬೇಕಾದರೆ ನೀವು ನಮ್ಮವರ ಅಡುಗೆಮನೆಯವರೆಗೆ ಬರಬೇಕು. ಚಪ್ಪಲಿ ಹೊರಗೆ ಬಿಡಿ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಆಹಾರ ತೆಗೆದುಕೊಳ್ಳುತ್ತಾರೆ. ಅದಕ್ಕೆ ಬಳಸುವ ನೀರು ಬಾವಿಯದೇ ಆಗಬೇಕು. ಕೈಯಿಂದ ಸೇದಿ, ಸೋಸಿ, ಕಾಯಿಸಿದ್ದಾಗಬೇಕು. ನಳದ ನೀರು ನಡೆಯದು. ಹೀಗಾಗಿ ಮನೆಗಳಲ್ಲಿ ಬಾವಿಯಿದ್ದವು, ಬಾವಿಯಿಲ್ಲದವು ಎಂಬ ಎರಡೇ ಜಾತಿ ಎಂದು ನಮ್ಮ ಹೆಂಗಸರು ಬಲ್ಲರು. ಉಳಿದ ಭೇದಗಳೆಲ್ಲ ಗಂಡಸರು ಕಟ್ಟೆಯ ಮೇಲೆ ಕೂತು ಹುಟ್ಟಿಸಿದವು.

ಅತ್ತೆಯ ಮನೆ ಇಚಲಕರಂಜಿಯ ಅಂಚಿನಲ್ಲಿ, ಕೊರೋಚಿಯ ಕಡೆಗೆ. ಶಾಲೆಯ ಸೂಟಿಗೆ ಹೋದರೆ ಮಗ್ಗಗಳ ಖಟಖಟದಲ್ಲೇ ಮಲಗಿ, ಖಟಖಟದಲ್ಲೇ ಏಳುತ್ತಿದ್ದೆವು. ಕರೆಂಟು ಹೋಗಿ ಮಗ್ಗ ನಿಂತರೆ ಆ ನಿಶ್ಶಬ್ದಕ್ಕೆ ಬೆಚ್ಚಿ ಊರಿಗೆ ಊರೇ ಎಚ್ಚರವಾಗುತ್ತಿತ್ತು. ಮಾಮಾ, ಅಂದರೆ ಅತ್ತೆಯ ಗಂಡ, ಜೀವಮಾನವೆಲ್ಲ ಮಗ್ಗಗಳ ನಡುವೆ ಕಳೆದವರು. ಮೆಲ್ಲಗೆ ಮಾತಾಡುವ ವಿದ್ಯೆ ಅವರಿಗೆ ಒಲಿದಿರಲಿಲ್ಲ. ಬಸದಿಯಲ್ಲಿ ಅವರು ಮಾಡುವ ಮೌನ ಪ್ರಾರ್ಥನೆ ಕೂಡ ಹೊರಗೆ ಚಪ್ಪಲಿ ಕಾಯುವವನಿಗೆ ಕೇಳಿಸುತ್ತಿತ್ತು.

ಬೆಳಿಗ್ಗೆ ಅತ್ತೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ಅಲ್ಲಿಗೆ ಕೆಲಸ ಮುಗಿಯಿತೆಂದು ನೀವು ತಿಳಿಯಬಹುದು. ಇಲ್ಲ, ಕೆಲಸ ಶುರುವಾಗುವುದೇ ಅಲ್ಲಿಂದ. ಬಟ್ಟೆಯ ಮೇಲೆ ಉಳಿದ ಸೂಕ್ಷ್ಮ ಜೀವಗಳಿಗೆ ಜೀವಾಣಿ ಎಂದು ಹೆಸರು. ಅವನ್ನು ಅದೇ ಬಾವಿಗೆ ಮರಳಿ ಬಿಡಬೇಕು. ಮೇಲಿನಿಂದ ಎಸೆದರೆ ಅವಕ್ಕೆ ಪೆಟ್ಟಾಗುತ್ತದಲ್ಲ, ಅದಕ್ಕಾಗಿ ತಳದಲ್ಲೂ ಹಗ್ಗ ಕಟ್ಟಲು ಬಳೆಯಿರುವ ಒಂದು ಪುಟ್ಟ ಬಕೀಟು ಇತ್ತು. ಅದು ನೀರಿಗೆ ತಾಗಿದ ಮೇಲೆಯೇ ಮಗುಚಿಕೊಳ್ಳುತ್ತಿತ್ತು. ಹಗ್ಗ ಬಿಡುವ ಮೊದಲು ಅತ್ತೆ ನಮ್ಮನ್ನು ಕರೆದು, ಒದ್ದೆ ಬಟ್ಟೆಯ ಮೇಲೆ ಮಿಸುಕುವ ಎಳೆಯಂಥ ಹುಳಗಳನ್ನು ತೋರಿಸುತ್ತಿದ್ದಳು.

"ನೋಡ್ರಿ, ನಮ್ಮ ಬಾಡಿಗಿ ಮಂದಿ. ಬಾಡಿಗಿ ಕೊಡಂಗಿಲ್ಲ, ಆದ್ರ ಜಗಳಾನೂ ತಗ್ಯಾಂಗಿಲ್ಲ. ನಿಮ್ಮ ಮಾಮಾನ್ಕಿಂತ ಚಲೋ."

"ಕೇಳಸ್ತು!" ಎಂದು ಒಳಗಿನಿಂದ ಮಾಮಾ ಗುಡುಗುತ್ತಿದ್ದರು.

ಹಿತ್ತಲಿನ ಗೋಡೆಯಾಚೆ ನೂಲಿಗೆ ಬಣ್ಣ ಹಾಕುವ ಒಂದು ಕಾರಖಾನೆ ಬಂದಿತು. ಬಣ್ಣದ ತೊಟ್ಟಿಗಳ ತಳದಲ್ಲಿ ಉಳಿದ ರಾಡಿಯನ್ನು ಅವರು ಗೋಡೆಗೆ ಹತ್ತಿದಂತೆ ಇದ್ದ ಒಂದು ಮಣ್ಣಿನ ಗುಂಡಿಗೆ ಸುರಿಯುತ್ತಿದ್ದರು. ನಮಗೆ ಮಕ್ಕಳಿಗೆ ಆ ಗುಂಡಿ ನೋಡುವುದೇ ಒಂದು ಉತ್ಸವ. ಒಂದು ದಿನ ನವಿಲಿನ ಬಣ್ಣ, ಒಂದು ದಿನ ಕುಂಕುಮದ ಬಣ್ಣ. ದೊಡ್ಡವರಿಗೂ ಅದು ತಪ್ಪೆನಿಸಲಿಲ್ಲ. ಊರೇ ಅರಿವೆಯ ಊರು, ಬಣ್ಣ ಚೆಲ್ಲದೆ ಸೀರೆ ಆಗುವುದುಂಟೇ?

ಆಮೇಲೊಂದು ಬೇಸಿಗೆ ನಾವು ಹೋದಾಗ ಅತ್ತೆಯ ಬಟ್ಟೆಯ ಮೇಲೆ ಏನೂ ಇರಲಿಲ್ಲ. ಮರುದಿನವೂ ಇಲ್ಲ. ಬಾಡಿಗೆಯವರು ಸದ್ದಿಲ್ಲದೆ ಮನೆ ಖಾಲಿ ಮಾಡಿದ್ದರು.

ಬೇರೆ ಯಾರೇ ಆಗಿದ್ದರೂ ಇಲ್ಲಿ ಹೆದರುತ್ತಿದ್ದರು. ನಾವು ಹಿಗ್ಗಿದೆವು. ಸೋಸುವಾಗ ಒಂದು ಹುಳಕ್ಕೂ ನೋವಾಗದ ನೀರು, ಹಿಂಸೆ ಮಾಡುತ್ತೇನೆಂದರೂ ಮಾಡಲಾಗದ ನೀರು! ಮೂರು ತಲೆಮಾರಿನ ವ್ರತಕ್ಕೆ ಬಾವಿ ತಾನಾಗಿ ಕೊಟ್ಟ ಫಲವೆಂದು ಮಾಮಾ ಓಣಿಗೆಲ್ಲ ಸಾರಿದರು. "ನಮ್ಮ ಬಾವ್ಯಾಗ ಒಂದ ಜೀವಾ ಇಲ್ಲ! ಅಷ್ಟ ಶುದ್ಧ ಐತಿ!" ಓಣಿಯ ಹೆಂಗಸರು ಬಂದು ಖಾಲಿ ಬಟ್ಟೆಯನ್ನು ನೋಡಿ ಕೈಮುಗಿದು ಹೋದರು. ನಾನು ಗಡಹಿಂಗ್ಲಜದ ಶಾಲೆಯಲ್ಲಿ ಈ ಪವಾಡದ ಮೇಲೆ ಭಾಷಣ ಮಾಡಿ ಒಂದು ಪೆನ್ಸಿಲ್ ಬಹುಮಾನ ಪಡೆದೆ. ಪವಾಡಗಳನ್ನು ಕಂಡರೆ ಎರಡನೆಯ ಸಲ ವಿಚಾರಿಸುವ ಅಭ್ಯಾಸ ನನಗೆ ಅಂದಿನಿಂದ ಬಂದದ್ದಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಅದೇ ಮಳೆಗಾಲದ ಮುಂಚೆ ಮುನಿಯೊಬ್ಬರು ನಾಂದಣಿಯ ದಾರಿಯಿಂದ ಬಂದು ಅತ್ತೆಯ ಬಾಗಿಲಲ್ಲಿ ನಿಂತರು. ಅತ್ತೆ, ಮಾಮಾ ತೊಳೆದ ಸೀರೆ ಪಂಚೆಗಳಲ್ಲಿ ಕಳಶ ಹಿಡಿದು ಬರಮಾಡಿಕೊಂಡರು. ನಾವು ಗೋಡೆಗೆ ಅಂಟಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಆಹಾರದ ನಡುವೆ ಏನಾದರೂ ಅಶುದ್ಧ ಕಂಡರೆ ಮುನಿಗಳು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮತ್ತೆ ಊಟ, ನೀರು ಎಲ್ಲವೂ ಮರುದಿನವೇ. ಅತ್ತೆ ಹಿತ್ತಾಳೆಯ ತಂಬಿಗೆಯಿಂದ ಕಾಯಿಸಿ ಆರಿಸಿದ ನೀರನ್ನು ಬೊಗಸೆಗೆ ಹನಿಸಿದಳು. ಕೊಡದಲ್ಲಿ, ಪಾತ್ರೆಯಲ್ಲಿ, ತಂಬಿಗೆಯಲ್ಲಿ ನಮಗ್ಯಾರಿಗೂ ಕಾಣದೇ ಇದ್ದದ್ದು ಆ ಬೆಳ್ಳಗಿನ ಅಂಗೈಗಳಲ್ಲಿ ಕಂಡಿತು. ನೀರು ತೆಳುವಾಗಿ ಗುಲಾಬಿಯಾಗಿತ್ತು.

ಅವರು ಬೇಸರಿಸಲಿಲ್ಲ, ಮುಖ ಕೂಡ ಎತ್ತಲಿಲ್ಲ. ಬೆರಳುಗಳನ್ನು ಸಡಿಲಿಸಿದರು. ನೀರು ಕೆಳಗಿನ ಪಾತ್ರೆಗೆ ಬಿತ್ತು. ಅಷ್ಟೇ. ಕಮಂಡಲು ಎತ್ತಿಕೊಂಡು ಬಿಸಿಲಿಗೆ ಇಳಿದು ಹೊರಟುಹೋದರು. ಮಾಮಾ ಏನೋ ಹೇಳಲು ಬಾಯಿ ತೆರೆದರು. ಆ ಮನೆಯಲ್ಲಿ ಅವರ ದನಿ ಕೇಳಿಸದೇ ಹೋದದ್ದು ಅದೇ ಮೊದಲು.

ಅತ್ತೆ ಆಮೇಲೆ ಯಾರಿಗೂ ಆಹಾರ ಕೊಡಲಿಲ್ಲ. ಬಸದಿಯ ಬಾವಿಯ ನೀರು ತಂದು ಕೊಡಬಹುದಿತ್ತು, ಓಣಿಯ ಎಷ್ಟೋ ಮಂದಿ ಹಾಗೇ ಮಾಡುತ್ತಿದ್ದರು. "ಎರವಿನ ನೀರಾಗ ಎಂಥಾ ದಾನಾ? ನನ್ನ ಬಾವಿ ಅವರನ್ನ ಉಪಾಸ ಕಳಿಸೈತಿ. ಅದ ಬಾವಿ ಅವರಿಗೆ ನೀರ ಕೊಡಬೇಕು" ಎಂದು ಹಟ ಹಿಡಿದಳು. ಕುಡಿಯಲು ನೀರು ಬೇರೆ ಕಡೆಯಿಂದ ಬಂದರೂ ದಿನಾ ಬೆಳಿಗ್ಗೆ ತನ್ನ ಬಾವಿಯಿಂದ ಒಂದು ಕೊಡ ಸೇದುವುದು, ಸೋಸುವುದು, ಖಾಲಿ ಬಟ್ಟೆಯನ್ನು ತೊಳೆದ ನೀರನ್ನು ಪುಟ್ಟ ಬಕೀಟಿನಲ್ಲಿ ಇಳಿಬಿಡುವುದು ಮಾತ್ರ ತಪ್ಪಲಿಲ್ಲ. ರೂಢಿ ಎನ್ನುವುದು ಬಾಡಿಗೆಯವರು ಬಿಟ್ಟುಹೋದ ಮನೆಯನ್ನೂ ದಿನಾ ಗುಡಿಸುತ್ತದೆ.

ಮಾಮಾ ಹೋದರು. ಕಾರಖಾನೆ ಕೈಯಿಂದ ಕೈಗೆ ಹೋಗಿ, ಕೊನೆಗೆ ಬೀಗ ಬಿತ್ತು. ಗುಂಡಿ ಮಾತ್ರ ಯಾರ ಕೈಗೂ ಹೋಗದೆ ಗೋಡೆಯಾಚೆ ಉಳಿಯಿತು.

ಬಹುಕಾಲದ ಮೇಲೆ, ಮಾಲಿನ್ಯ ನೋಡಿಕೊಳ್ಳುವ ಸರಕಾರಿ ಮಂಡಳಿಯವರು ಒಂದು ದಿನ ಬಂದರು. ಗುಂಡಿಯನ್ನು ಅಗೆದು, ಮಣ್ಣನ್ನು ಸಾಗಿಸಿ, ಸುತ್ತಲಿನ ಬಾವಿಗಳನ್ನು ತೊಳೆಯಬೇಕೆಂದು ಆದೇಶವಾಗಿತ್ತಂತೆ. ಕೆಲಸಗಾರರು ಅಡಿಯಿಂದ ಮುಡಿಯವರೆಗೆ ಬಿಳಿ ಅಂಗಿ ತೊಟ್ಟು, ಬಾಯಿ ಮೂಗಿಗೆ ಪಟ್ಟಿ ಕಟ್ಟಿ ಇಳಿದರು. ನಮ್ಮ ಅಪ್ಪಟ ದಿಗಂಬರ ಓಣಿಗೆ ಇಷ್ಟೊಂದು ಶ್ವೇತಾಂಬರರು ಒಮ್ಮೆಲೇ ಬಂದದ್ದು ಹಿಂದೆ ಕಂಡಿರಲಿಲ್ಲ. ಅಗೆದ ಮಣ್ಣನ್ನು ದಪ್ಪ ಚೀಲಗಳಲ್ಲಿ ತುಂಬಿ, ಬಾಯಿ ಹೊಲಿದು, ಚೀಟಿ ಅಂಟಿಸಿ, ಮುಚ್ಚಿದ ಲಾರಿಯಲ್ಲಿ ಕಳಿಸಿದರು. ಅಂಥ ಮಣ್ಣಿಗೆಂದೇ ದೂರದಲ್ಲೊಂದು ಜಾಗವಿದೆಯಂತೆ. ಕೆಳಗೆ ನೀರು ಇಳಿಯದ ಹಾಸು, ಮೇಲೆ ಮಳೆ ತಾಗದ ಹೊದಿಕೆ, ಸುತ್ತ ಕಾವಲು. ನಮ್ಮ ನೆಂಟರಲ್ಲಿ ಮುಪ್ಪಿನಲ್ಲಿ ಇಷ್ಟು ಆರೈಕೆ ಪಡೆದವರನ್ನು ನಾನು ಕಂಡಿಲ್ಲ.

ಮೇಲ್ವಿಚಾರಣೆಗೆ ಬಂದ ಎಂಜಿನಿಯರು ಕುರುಂದವಾಡದ ಕಡೆಯ ಹುಡುಗಿ. ಮರಾಠಿ, ಕನ್ನಡ ಎರಡರಲ್ಲೂ ಚುರುಕು. ಮೊದಲ ದಿನ ಅವಳು ಪರೀಕ್ಷೆಗೆಂದು ಅತ್ತೆಯ ಬಾವಿಯ ನೀರನ್ನು ಸೀಸೆಗೆ ತುಂಬುವಾಗ ನಾನೂ ಅಲ್ಲಿದ್ದೆ.

"ಹಂಗ ಒಯ್ಯಬ್ಯಾಡವಾ. ಸೋಸಿ ಒಯ್ಯಿ. ಜೀವಾಣಿ ತಿರಿಗಿ ಬಿಡಬೇಕಾಗತೈತಿ" ಎಂದಳು ಅತ್ತೆ.

"ಸೋಸಿದ್ರ ಪರೀಕ್ಷಾ ಕೆಡತೈತ್ರಿ ಆಯಿ. ಮತ್ತ ಇದರಾಗ ಜೀವಾ ಎಲ್ಲಿ ಅದಾವ್ರಿ?"

"ಅದು ನನಗೂ ಗೊತ್ತೈತಿ. ಬಣ್ಣಾ ಬರೂಕಿಂತ ಮೊದಲ ಹೋಗ್ಯಾವು. ಅಷ್ಟ ಶುದ್ಧ ಇತ್ತು ಆವಾಗ ನಮ್ಮ ನೀರು."

ಹುಡುಗಿ ಸೀಸೆಯ ಮುಚ್ಚಳ ತಿರುಗಿಸುತ್ತಿದ್ದವಳು ನಿಲ್ಲಿಸಿದಳು. "ಶುದ್ಧ ಆಗಿ ಹೋಗಿಲ್ರಿ ಆಯಿ. ವಿಷಾ ಮೊದಲ ಇಳದೈತಿ, ಬಣ್ಣಾ ಆಮ್ಯಾಲ ಬಂದೈತಿ. ಹುಳಾ ಸೈತ ಬದಕದಂಗ ಆಗಿತ್ತು, ಅದಕ್ಕ ಇಲ್ಲ."

ಅತ್ತೆ ಬಾವಿಕಟ್ಟೆಯ ಮೇಲೆ ಕೂತಳು. "ಅಂದ್ರ ನಾ ದಿನಾ ಮುಂಜಾನೆ ಅವನ್ನ ಜ್ವಾಕಿಲೆ ಇಳಿಸಿದ್ದು..." ಎಂದು ಅಲ್ಲಿಗೇ ಬಿಟ್ಟಳು. ಪೆಟ್ಟಾಗದಂತೆ ಇಳಿಸಿದ್ದು ಎಲ್ಲಿಗೆ ಎಂಬುದನ್ನು ನಾವಾರೂ ಪೂರ್ತಿ ಮಾಡಲಿಲ್ಲ. ನನ್ನ ಪೆನ್ಸಿಲಿನ ನೆನಪಾಗಿ ನಾನು ಗೋಡೆಯ ಕಡೆ ನೋಡಿದೆ.

ಕೆಲಸ ಹಲವು ಋತುಗಳ ಕಾಲ ನಡೆಯಿತು. ಬಾವಿಯನ್ನು ತಳ ಕಾಣುವವರೆಗೆ ಎತ್ತುವುದು, ಆ ನೀರನ್ನು ಟ್ಯಾಂಕರಿನಲ್ಲಿ ಶುದ್ಧೀಕರಣಕ್ಕೆ ಒಯ್ಯುವುದು, ಮತ್ತೆ ಊಟೆಯ ನೀರು ತುಂಬುವವರೆಗೆ ಕಾಯುವುದು, ಮತ್ತೆ ಎತ್ತುವುದು. ಆ ಹುಡುಗಿ ಸೀಸೆ ಹಿಡಿದು ಬರುತ್ತಲೇ ಇದ್ದಳು, ಅತ್ತೆ ಅವಳಿಗೆ ಚಹಾ, ಚುರುಮುರಿ ಕೊಡುತ್ತಲೇ ಇದ್ದಳು. ಸರಕಾರದ ಕೆಲಸ ಇಷ್ಟು ಪಟ್ಟುಹಿಡಿದು ನಡೆದದ್ದು ಚಹಾದ ಬಲದಿಂದಲೇ ಎಂದು ನನ್ನ ಗುಮಾನಿ.

ಕೊಲ್ಹಾಪುರದ ಬಟ್ಟೆ ಹಿಡಿದು ನಾನು ಹೋದ ದಿನ ಅವಳೂ ಬಂದಿದ್ದಳು. ಗುಂಡಿಯ ಜಾಗ ಸ್ವಚ್ಛವಾಗಿದೆ, ಬಾವಿಯ ನೀರನ್ನು ಗಿಡಕ್ಕೆ, ತೊಳೆಯಲಿಕ್ಕೆ ಬಳಸಬಹುದು, ಕುಡಿಯುವ ಮಾತನ್ನು ಇನ್ನೊಂದೆರಡು ಮಳೆ ನೋಡಿ ಹೇಳುತ್ತೇವೆ ಎಂದು ತಿಳಿಸಿದಳು. ಅತ್ತೆ ಮೊದಲ ಅರ್ಧವನ್ನಷ್ಟೇ ಕೇಳಿದಳು. ಕೊಡ ಸೇದಿ, ಹೊಸ ಬಟ್ಟೆ ಕಟ್ಟಿ, ಸೋಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದಳು.

"ತಮ್ಮಾ, ನನಗ ಕಣ್ಣ ಕಾಣವಲ್ಲವು. ಇದೇನ ದಾರಾನೋ, ಏನೋ?"

ನಾನು ಕನ್ನಡಕ ಏರಿಸಿ ಬಗ್ಗಿದೆ. ಎಂಜಿನಿಯರೂ ಬಗ್ಗಿದಳು. ದಾರ ತಾನಾಗಿ ಮಡಚಿಕೊಂಡು ಬಿಚ್ಚಿಕೊಂಡಿತು.

"ಹುಳಾ ಐತ್ರಿ ಆಯಿ!" ಎಂದು ಎಂಜಿನಿಯರು ಕೂಗಿದಳು. ಸರಕಾರಿ ನೌಕರರಿಗೆ ಒಪ್ಪುವ ದನಿ ಅದಾಗಿರಲಿಲ್ಲ.

ಅತ್ತೆ ನಗಲಿಲ್ಲ, ಅಳಲಿಲ್ಲ. ಹುಳವನ್ನು ಇಳಿಬಿಟ್ಟು, ಹಗ್ಗ ಸುತ್ತಿಟ್ಟು, ಸೋಸಿದ ಕೊಡದ ಮುಂದೆ ನಿಂತು ಆ ಹುಡುಗಿಯನ್ನು ಕೇಳಿದಳು: "ಖರೇ ಹೇಳವಾ. ಈ ನೀರ ನೀ ಕುಡೀತೀಯೇನು?"

ಹುಡುಗಿ ಕೊಡವನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಇನ್ನೂ ಇಲ್ರಿ ಆಯಿ."

ಮರುವಾರ ನಗರಸಭೆಯವನೊಬ್ಬ ಬಂದ. "ಆಜೀ, ವಿಹಿರೀತ ಆಳ್ಯಾ ಆಹೇತ ಕಾ?" ಎಂದು, ಬಾವಿಯಲ್ಲಿ ಸೊಳ್ಳೆಯ ಮರಿಗಳಿವೆಯೇ ಎಂದು, ಗೇಟಿನಿಂದಲೇ ವಿಚಾರಿಸಿದ. "ಆಹೇತ ಕೀ!" ಎಂದಳು ಅತ್ತೆ, ಸೊಸೆ ಹಡೆದ ಸುದ್ದಿ ಹೇಳುವವಳ ಹಾಗೆ. ಅವನು ಔಷಧಿಯ ಡಬ್ಬಿ ತೆಗೆದ. ಅತ್ತೆ ಬಾವಿಗೆ ಅಡ್ಡ ನಿಂತಳು. ಹಾಗಾದರೆ ಮರಿಗಳನ್ನು ತಿನ್ನುವ ಮೀನು ಬಿಡಲೇ ಎಂದ ಆ ಬಡಪಾಯಿ. ಅದಕ್ಕೆ ಅತ್ತೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಅಹಿಂಸೆಯ ವ್ರತ ಮಾತಿಗೆ ಅನ್ವಯಿಸುವುದಿಲ್ಲವೆಂದು ನನಗೆ ಅಂದು ತಿಳಿಯಿತು. ಕೊನೆಗೆ ಬಾವಿಯ ಬಾಯಿಗೆ ಒಂದು ಸೊಳ್ಳೆಪರದೆ ಕಟ್ಟುವುದೆಂದು ಸಂಧಾನವಾಯಿತು. ಹೊಲಿದವನು ನಾನು.

ಈಗ ಮಳೆ ಹಿಡಿದಿದೆ. ಮುನಿಗಳು ಬಸದಿಗೆ ಬಂದಿದ್ದಾರೆ. ಮಳೆಗಾಲದಲ್ಲಿ ನೆಲದ ತುಂಬ ಸಣ್ಣ ಜೀವಗಳು ಹರಿದಾಡುತ್ತವೆ. ಅವನ್ನು ತುಳಿಯಬಾರದೆಂದು ಅವರು ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುತ್ತಾರೆ. ಎರಡು ದಿನಕ್ಕೆಂದು ಬಂದ ನಾನೂ ಇಲ್ಲೇ ನಿಂತಿದ್ದೇನೆ. ದಿನಾ ಬೆಳಿಗ್ಗೆ ಅತ್ತೆಯ ಬಟ್ಟೆಯ ಮೇಲೆ ಬಗ್ಗಿ ನೋಡುವುದು ನನ್ನ ಉದ್ಯೋಗ. ನಾನು ಜೀವನದಲ್ಲಿ ಏನನ್ನಾದರೂ ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲಿರಬೇಕು.

ನಿನ್ನೆ ಓಣಿಯ ಹೆಂಗಸರು ಬಂದಿದ್ದರು. "ಚಂಪಕ್ಕಾ, ಬಾವಿ ಸುದ್ದ ಆತಂತಲ್ಲ. ನಾಳೆ ಆಹಾರ ನಿಮ್ಮ ಮನ್ಯಾಗ ಏನ್ರಿ?"

"ನಮ್ಮ ಮನ್ಯಾಗ. ಬಸದಿ ಬಾವಿ ನೀರಾಗ" ಎಂದಳು ಅತ್ತೆ. ನನ್ನ ಕಡೆ ತಿರುಗಿ, "ತಮ್ಮಾ, ನಸೀಕಲೆ ಎದ್ದು ಎರಡ ಕೊಡಾ ಹೊರಬೇಕ ನೋಡ" ಎಂದಳು.

ಹೆಂಗಸರು ಮುಖ ಮುಖ ನೋಡಿಕೊಂಡರು. "ಎರವಿನ ನೀರ ಒಲ್ಲೆ ಅಂತಿದ್ರಿ? ಮತ್ತ ಈ ಬಾವಿ?"

ಅತ್ತೆ ಸೊಳ್ಳೆಪರದೆಯ ಅಂಚನ್ನು ಎತ್ತಿ ಒಳಗೆ ಇಣುಕಿ, ಮೆಲ್ಲಗೆ ಇಳಿಸಿದಳು.

"ಈ ವರ್ಷ ಇದರಾಗ ಅವು ಚಾತುರ್ಮಾಸಕ್ಕ ಕುಂತಾವವಾ. ಸುಖರೂಪ ಎದ್ದ ಬರ್ಲಿ, ಆಮ್ಯಾಲ ಈ ನೀರಿಗೆ ಮುನಿಗೋಳನ್ನ ಕರಿಯೂಣು."