ಸ್ಟೆಪ್ನಿ ಇಳಿಸಿದ ಇಕ್ಕಳ

ನಮ್ಮವರಿಗೆ ಆಕಾಶದಲ್ಲಿ ತಿರುಗುವ ಉಪಗ್ರಹಗಳ ಲೆಕ್ಕವೆಲ್ಲ ಗೊತ್ತಿತ್ತು. ಅವರ ಸ್ವಂತ ಗಾಡಿಯ ಹೊಟ್ಟೆಯ ಕೆಳಗೆ ನೇತಾಡುತ್ತಿದ್ದ ಸ್ಟೆಪ್ನಿಯನ್ನು ನೆಲಕ್ಕೆ ಇಳಿಸುವುದಕ್ಕೆ ಮಾತ್ರ ನಾನೇ ಬೇಕಾಯಿತು. ಈ ಕತೆಯನ್ನು ಮನೆಗೆ ಬಂದವರ ಮುಂದೆ ಈಗಲೂ ಹೇಳುತ್ತೇನೆ. ಶುರು ಮಾಡಿದ ಕೂಡಲೇ ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾವಾಗ ಅಮೆರಿಕದ ಪಶ್ಚಿಮ ಕರಾವಳಿಯ ಟೊರೆನ್ಸ್‌ನಲ್ಲಿದ್ದೆವು, ನಮ್ಮವರಿಗೆ ಉಪಗ್ರಹ ಮಾಡುವ ಕಂಪನಿಯಲ್ಲಿ ಕೆಲಸ. ನಮ್ಮವರು ಹಳೆಯ ಪಿಕಪ್ ಒಂದನ್ನು ಕೊಂಡು, ಅದರ ಬೆನ್ನ ಮೇಲೆ ಕ್ಯಾಂಪರ್ ಕೂರಿಸಿದ್ದರು. ಒಲೆ, ಸಿಂಕು, ಮಲಗುವ ಹಲಗೆ ಎಲ್ಲ ಇರುವ ಪುಟ್ಟ ಮನೆ ಅದು. ಬೆಟ್ಟ ಕಾಡು ಸುತ್ತುವುದಕ್ಕೆಂದು ತಂದದ್ದು ಕೊನೆಗೆ ಕನ್ನಡದವರ ಮನೆಗಳ ಸಮಾರಂಭಕ್ಕೆ ಅಡುಗೆ ಸಾಗಿಸುವ ಗಾಡಿಯಾಯಿತು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಗೆ ಅದನ್ನು ಹತ್ತುವುದು ಕಷ್ಟವಾಗುತ್ತಿತ್ತು. ಅದಕ್ಕೆ ನಮ್ಮವರು ಹಿಂದಿನ ಬಂಪರಿಗೆ ಕಬ್ಬಿಣದ ಮೆಟ್ಟಿಲೊಂದನ್ನು ತಾವೇ ವೆಲ್ಡ್ ಮಾಡಿ ಕೂರಿಸಿದರು. ಮಾಡಿದ ಮೇಲೆ ವಾರಗಟ್ಟಲೆ ಬೀಗಿದರು.

ನಮ್ಮಲ್ಲಿಂದ ಎರಡು ಗಂಟೆ ದಾರಿಯ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿ ನನ್ನ ತಂಗಿ ಇದ್ದಳು. ಚೊಚ್ಚಲ ಬಸುರಿ. ಮೈಸೂರಿನ ನಮ್ಮ ಅಮ್ಮನಿಗೆ ವಿಮಾನ ಹತ್ತುವಷ್ಟು ಆರೋಗ್ಯವಿರಲಿಲ್ಲ. ಸೀಮಂತದಲ್ಲಿ ಮೊದಲು ಮಡಿಲು ತುಂಬಬೇಕಾದದ್ದು ತವರಿನ ಕೈ. ಈ ದೇಶದಲ್ಲಿ ಅವಳಿಗೆ ತವರು ಎಂದರೆ ನಾನೊಬ್ಬಳೇ. ವಿಜಯದಶಮಿ ಆ ವರ್ಷ ಶನಿವಾರ ಬಂದಿತ್ತು, ಸೀಮಂತವೂ ಅಂದೇ. ಮಂತ್ರ ಹೇಳಲು ಒಪ್ಪಿದ್ದ ಗಣಿತದ ಪ್ರೊಫೆಸರ್ ಮಧ್ಯಾಹ್ನ ಊರು ಬಿಡುವವರಿದ್ದರು. ನಾವು ತಡಮಾಡಿದರೆ ತವರಿನವರಿಲ್ಲದೆ ಶಾಸ್ತ್ರ ಮುಗಿಯುತ್ತಿತ್ತು. ಅದರ ಹಿಂದಿನ ವಾರ ಫೋನಿನಲ್ಲಿ ತಂಗಿ, "ಬರ್ತೀಯ ತಾನೆ ಅಕ್ಕ?" ಎಂದು ಮತ್ತೆ ಮತ್ತೆ ಕೇಳಿದ್ದಳು.

ಹಿಂದಿನ ದಿನ ಆಯುಧಪೂಜೆ. ನಮ್ಮವರು ಗ್ಯಾರೇಜಿನಲ್ಲಿದ್ದ ಜಾಕು, ಪಾನಾ, ಸುತ್ತಿಗೆಗಳನ್ನೆಲ್ಲ ದೇವರ ಮುಂದೆ ಜೋಡಿಸಿ ಅರಿಶಿನ ಕುಂಕುಮ ಹಚ್ಚಿದರು. ಸ್ಟೆಪ್ನಿ ಇಳಿಸುವ ಉದ್ದನೆಯ ಕಬ್ಬಿಣದ ಸರಳೂ ಅಲ್ಲಿತ್ತು. ಅದು ನೆಲದ ಮೇಲೆ ಹಿಡಿಸದೆ ಗೋಡೆಗೆ ಒರಗಿ ನಿಂತಿತ್ತು. ಅತ್ತೆಯವರು ಅದನ್ನು ತೋರಣಕ್ಕೆಂದೇ ನಿಲ್ಲಿಸಿದ ಕೋಲೆಂದು ತಿಳಿದು, ನಿಂಬೆ ಎಲೆಯ ತೋರಣದ ಒಂದು ತುದಿಯನ್ನು ಅದಕ್ಕೆ ಕಟ್ಟಿದರು. ಪೂಜೆಗೆ ಕೂರದ ಆಯುಧ ಇಡೀ ಮನೆಯಲ್ಲಿ ಒಂದೇ, ನನ್ನ ಇಕ್ಕಳ. ಸೀಮಂತಕ್ಕೆ ಬರುವವರಿಗೆಲ್ಲ ಅಡುಗೆ ಆಗಬೇಕಿತ್ತಲ್ಲ. ಬಿಸಿ ಪಾತ್ರೆ ಇಳಿಸುವ ಇಕ್ಕಳಕ್ಕೂ ಅದನ್ನು ಹಿಡಿಯುವ ಕೈಗೂ ರಜೆ ಎಲ್ಲಿಯದು?

ಬೆಳಗ್ಗೆ ನಮ್ಮವರು ಜಾಕು, ಪಾನಾಗಳನ್ನು ನೆನಪಿನಿಂದ ಗಾಡಿಗೆ ಹಾಕಿಕೊಂಡರು. ತೋರಣ ಹೊತ್ತ ಸರಳು ಯಾರ ಕಣ್ಣಿಗೂ ಬೀಳಲಿಲ್ಲ. ಸ್ಯಾನ್ ಕ್ಲೆಮೆಂಟೆ ದಾಟಿ, ಬಲಕ್ಕೆ ಸಮುದ್ರ ಕಾಣತೊಡಗಿದಾಗ ಹಿಂದಿನ ಬಲಚಕ್ರ ಢಬ್ಬೆಂದಿತು. ಗಾಡಿ ಓಲಾಡಿಕೊಂಡು ದಾರಿಯ ಅಂಚಿಗೆ ಬಂದು ನಿಂತಿತು. ಹುಳಿಯನ್ನದ ಕೊಳಗ ಮುಚ್ಚಳ ಸಮೇತ ಮೂಲೆಗೆ ಜಾರಿದರೂ ಪುಣ್ಯಕ್ಕೆ ಚೆಲ್ಲಲಿಲ್ಲ.

ಸ್ಟೆಪ್ನಿ ಇದ್ದದ್ದು ಗಾಡಿಯ ಅಡಿಯಲ್ಲಿ, ಹಿಂಭಾಗದಲ್ಲಿ, ಸರಪಳಿಯೊಂದರ ತುದಿಗೆ. ಬಂಪರಿನ ತೂತಿನಿಂದ ಸರಳು ತೂರಿಸಿ ತಿರುಗಿಸಿದರೆ ಸರಪಳಿ ಸಡಿಲವಾಗಿ ಚಕ್ರ ಇಳಿಯಬೇಕು. ಸರಳು ಟೊರೆನ್ಸ್‌ನಲ್ಲಿ ತೋರಣ ಹಿಡಿದು ನಿಂತಿತ್ತು. ಇದ್ದಿದ್ದರೂ ಉಪಯೋಗವಿರಲಿಲ್ಲ. ತೂತಿನ ಮೇಲೆ ಸರಿಯಾಗಿ ನಮ್ಮವರ ಹೆಮ್ಮೆಯ ಮೆಟ್ಟಿಲು ಕೂತಿತ್ತು. ಅವರು ಬಗ್ಗಿ ನೋಡಿದರು, ಎದ್ದು ನೋಡಿದರು, ಸೊಂಟದ ಮೇಲೆ ಕೈಯಿಟ್ಟು ಸಮುದ್ರವನ್ನೂ ನೋಡಿದರು. ಆಮೇಲೆ, ದಾರಿಬದಿಯ ಫೋನ್ ಹುಡುಕಿಕೊಂಡು ಹೋಗಿ ಟೋ ಟ್ರಕ್ ಕರೆಯುತ್ತೇನೆ ಎಂದರು. ಅದು ಬಂದು ಎಳೆದುಕೊಂಡು ಹೋಗುವಷ್ಟರಲ್ಲಿ ಪ್ರೊಫೆಸರ್ ವಿಮಾನದಲ್ಲಿ ಕೂತಿರುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆ ಹೊತ್ತಿರಲಿಲ್ಲ, ಬಗ್ಗಿ ಗಾಡಿಯ ಕೆಳಗೆ ಇಣುಕಿದೆ.

ಸರಳು ಹೋಗಿ ಕಚ್ಚಿಕೊಳ್ಳಬೇಕಾದ ಜಾಗ ಅಡಿಯಿಂದ ಕಾಣುತ್ತಿತ್ತು, ಬೆರಳುದ್ದದ ಒಂದು ಕಬ್ಬಿಣದ ಮೊಳೆಯ ಹಾಗೆ. ಅದನ್ನು ಗಟ್ಟಿಯಾಗಿ ಹಿಡಿದು ತಿರುಗಿಸಿದರಾಯಿತು ಎನ್ನಿಸಿತು. ಹಿಡಿದು ತಿರುಗಿಸುವುದು ನನಗೆ ಯಾವ ಹೊಸ ವಿದ್ಯೆ? ಕ್ಯಾಂಪರ್ ಹತ್ತಿ ಇಕ್ಕಳ ತಂದೆ.

ನಮ್ಮವರು ಅಡ್ಡ ಬಂದರು. ಅದು ಪಾತ್ರೆ ಹಿಡಿಯುವ ವಸ್ತು, ಇದಕ್ಕೆ ಬೇಕಾದ ಬಲ ಅದರಲ್ಲಿಲ್ಲ ಎಂದರು. ತಾವೇ ನುಗ್ಗಲು ನೋಡಿದರೆ ಹೊಟ್ಟೆ ಬಿಡಲಿಲ್ಲ. ಅಷ್ಟರಲ್ಲಿ ಅತ್ತೆ ಬಾಯಿ ತೆರೆದರು.

"ಪತ್ತಲಾ ಕೆಡ್ತದ, ಬಿಚ್ಚಿಟ್ಟು ಹೋಗವಾ. ಅಲ್ಲೆ ಹುಡುಗಿ ದಾರಿ ನೋಡ್ಲಿಕ್ಕತ್ತಿರ್ತಾಳ. ಇವನ ಮಾತು ಕೇಳ್ಕೋತ ಕೂತ್ರ ಕೂಸು ಹುಟ್ಟೇಬಿಡ್ತದ."

ಮೈಸೂರು ರೇಷ್ಮೆ ಸೀರೆ ಬಿಚ್ಚಿಟ್ಟು, ಕ್ಯಾಂಪರಿನಲ್ಲಿದ್ದ ನಮ್ಮವರ ಪೈಜಾಮ, ಅಂಗಿ ತೊಟ್ಟೆ. ಅವರು ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಗಾಡಿಯನ್ನು ಜಾಕಿನ ಮೇಲೆ ಎತ್ತಿ ಅದರ ಕೆಳಗೆ ಯಾರೂ ಹೋಗಕೂಡದು ಎಂದು ಹಟ ಹಿಡಿದದ್ದೂ ಅವರೇ. ಆ ಒಂದು ಬುದ್ಧಿಗೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಅತಿಥಿಗಳಿಗೆಂದು ಒಯ್ಯುತ್ತಿದ್ದ ಜಮಖಾನ ಹಾಸಿ, ಅದರ ಮೇಲೆ ಅಂಗಾತ ಮಲಗಿ ಒಳಕ್ಕೆ ಜಾರಿದೆ. ಮಣ್ಣು ಕಣ್ಣಿಗೆ ಉದುರಿತು. ಇಕ್ಕಳ ಮೊದಲು ಜಾರಿತು, ಮತ್ತೆ ಜಾರಿತು. ಆ ತುಂಡಿನಲ್ಲಿ ಅಡ್ಡಲಾಗಿ ಚಾಚಿದ್ದ ಸಣ್ಣ ಕಡ್ಡಿಯನ್ನು ಸೇರಿಸಿ ಕಚ್ಚಿಸಿದಾಗ ಹಿಡಿತ ಸಿಕ್ಕಿತು. ಎರಡೂ ಕೈಯಿಂದ ಅದುಮಿ ತಿರುವಿದೆ. ಕಿರ್ರೆಂದಿತು. ಸರಪಳಿ ಒಂದು ಕೊಂಡಿಯಷ್ಟು ಕೆಳಗೆ ಬಂತು.

ಆಮೇಲೆ ಕಾಲು ಸುತ್ತು, ಬಿಡು, ಮತ್ತೆ ಹಿಡಿ, ಕಾಲು ಸುತ್ತು. ತೋಳು ಬಿದ್ದುಹೋಗುತ್ತಿತ್ತು. ಹೊರಗೆ ನಮ್ಮವರು ಎಡಕ್ಕೆ, ಬಲಕ್ಕೆ ಎಂದು ಸಲಹೆ ಕೊಡುತ್ತಲೇ ಇದ್ದರು. ಕೊನೆಗೆ ಸ್ಟೆಪ್ನಿ ದೊಪ್ಪನೆ ನೆಲಕ್ಕೆ ಕೂತಾಗ ಅತ್ತೆ ಚಪ್ಪಾಳೆ ತಟ್ಟಿದರು. ನಾನು ತೆವಳಿ ಈಚೆ ಬಂದು, ಮುಖಕ್ಕೆಲ್ಲ ಮಸಿ ಬಳಿದುಕೊಂಡೇ ಇಕ್ಕಳವನ್ನು ನಮ್ಮವರ ಮೂಗಿನ ಹತ್ತಿರ ಹಿಡಿದು ತೋರಿಸಿದೆ. ಅವರು ನಕ್ಕರು, ಬೇರೆ ದಾರಿಯಿರಲಿಲ್ಲ. ಗಾಡಿಯನ್ನು ಜಾಕಿನಿಂದ ಎತ್ತಿ, ಸ್ಟೆಪ್ನಿ ಎಳೆದು, ಚಕ್ರ ಬದಲಿಸುವುದನ್ನು ಅವರು ಚಕಚಕನೆ ಮುಗಿಸಿದರು.

ತಂಗಿಯ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಅತ್ತೆ ಪೈಜಾಮದ ಮೇಲೆಯೇ ನನಗೆ ರೇಷ್ಮೆ ಸೀರೆ ಸುತ್ತಿದರು. ಕೈಯ ಕಪ್ಪು ಎಷ್ಟು ಉಜ್ಜಿದರೂ ಹೋಗಲಿಲ್ಲ. ಮಡಿಲಕ್ಕಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತುವಾಗ ಪ್ರೊಫೆಸರರ ದನಿ ಕೇಳಿತು. ತವರಿನ ಕಡೆಯವರು ಯಾರೂ ಬಂದಿಲ್ಲದಿದ್ದರೆ ಬೇರೆ ಮುತ್ತೈದೆಯರೇ ತುಂಬಲಿ, ಹೊತ್ತಾಯಿತು ಎನ್ನುತ್ತಿದ್ದರು. ಬಾಗಿಲಲ್ಲೇ ನಿಂತು, ಬಂದಿದ್ದೀವಿ ಎಂದು ಕೂಗಿದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಅಂದಿನಷ್ಟು ಹೆಮ್ಮೆಯಿಂದ ನಾನು ಯಾವ ಮನೆಯ ಹೊಸ್ತಿಲನ್ನೂ ದಾಟಿಲ್ಲ.

ತಂಗಿ ಹಸೆಯ ಮೇಲೆ ಕೂತಿದ್ದಳು. ಕಣ್ಣು ಆಗಲೇ ಅತ್ತು ಕೆಂಪಾಗಿತ್ತು. ನನ್ನ ಕೈ ನೋಡಿ ಗಾಬರಿಯಾದಳು.

"ಅಕ್ಕ, ಕೈ ಏನಾಯ್ತೇ?"

"ದಾರೀಲಿ ಸ್ವಲ್ಪ ಕೆಲಸ ಇತ್ತು ಕಣೆ. ಮಡಿಲು ಹಿಡಿ."

ಅಳುತ್ತಲೇ ಸೆರಗು ಹರಡಿದಳು. ಆ ಕಪ್ಪು ಕೈಯಿಂದಲೇ ತುಂಬಿದೆ.