ಕೊಕ್ಕರೆ ಅನ್ನೋಗಂಟ

ಇವತ್ತು ನಾವಿರುವ ತಮಿಳು ಊರಿನ ಪಳ್ಳಿಕರಣೆಯ ಜೌಗಿನ ಪಕ್ಕದಲ್ಲಿ, ರಸ್ತೆಯಂಚಿನ ಕಟ್ಟೆಯ ಮೇಲೆ ಒಂದು ಧರಣಿ ನಡೆಯಿತು ಗೆಳೆಯರೇ. ಕೂತವರು ಮದ್ದೂರಿನಿಂದ ಬಂದಿರುವ ನಮ್ಮತ್ತೆ.

ಹಕ್ಕಿ ತೋರಿಸೋಣವೆಂದು ನಾನೇ ಕರೆದುಕೊಂಡು ಹೋಗಿದ್ದೆ. ನೀರಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದ ದೊಡ್ಡ ಹಕ್ಕಿಯನ್ನು ನೋಡಿ, ಮೂರನೇ ಕ್ಲಾಸಿನ ನನ್ನ ಮಗ ಅತ್ತ ಬೆರಳು ತೋರಿಸಿ ಅಜ್ಜಿಯನ್ನು ತಮಿಳಿನಲ್ಲೇ ಕೂಗಿದ: "ಪಾಟಿ, ಅಂಗೆ ಪಾರು, ಕೊಕ್ಕು!"

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಕೊಕ್ಕು ಕಾಣ್ತದೆ ಕಣಪ್ಪ. ಹಕ್ಕಿಗೆ ಏನಂತಾರೆ?"

"ಅದುದಾನ್ ಪಾಟಿ, ಕೊಕ್ಕು."

ತಮಿಳಿನಲ್ಲಿ ಹಕ್ಕಿಯ ಹೆಸರೇ ಅದು ಎಂದು ಸಮಜಾಯಿಷಿ ಕೊಡಲು ಹೋಗಿ ಕೆಟ್ಟೆ.

"ನಮ್ ಕಡೆ ಕೊಕ್ಕರೆ ಹೆಸರಲ್ಲಿ ಒಂದು ಊರೇ ಅದೆ. ನನ್ ಮೊಮ್ಮಗನ ಬಾಯಲ್ಲಿ ಅದರ ಕೊಕ್ಕು ಮಾತ್ರ ಉಳ್ಕಂಡದೆ. ಕೊಕ್ಕರೆ ಅನ್ನೋಗಂಟ ನಾನು ಏಳಕ್ಕಿಲ್ಲ."

ಹೇಳಿದವರೇ ಕಟ್ಟೆಯ ಮೇಲೆ ಕೂತುಬಿಟ್ಟರು. ಬಿಸಿಲೇರಿತು. ಕಸದ ಲಾರಿಗಳು ಧೂಳೆಬ್ಬಿಸಿಕೊಂಡು ಹೋದವು. ಆ ಕೊಕ್ಕರೆಯಾದರೂ ಕಾಲು ಬದಲಾಯಿಸಿತು, ಅತ್ತೆ ಅಲುಗಲಿಲ್ಲ.

ಕೊನೆಗೆ ಹಸಿವು ತಾಳದೆ ಮಗ ಸೋತ. "ಸರಿ, ಕೊಕ್ಕರೆ! ಪೋಲಾಮಾ?"

"ಹೋಗೋಣ್ವಾ ಅನ್ನು."

"ಹೋಗೋಣ್ವಾ, ಅಜ್ಜಿ?"

ಅತ್ತೆಯ ಮುಖ ಅರಳಿತು. ಇದೇ ಸಮಯವೆಂದು ನಾನೂ ಬಾಯಿ ಹಾಕಿದೆ. "ಪೋದುಂ ಅತ್ತೆ, ಬಿಸಿಲು ಸುಡ್ತಿದೆ, ಸೀಕ್ರಂ ಏಳಿ."

ಏಳುತ್ತಿದ್ದವರು ನನ್ನನ್ನೇ ನೋಡಿದರು. ಮತ್ತೆ ಕೂತರು. ಸೆರಗಿನಿಂದ ಪಕ್ಕದ ಜಾಗದ ಧೂಳು ಒರೆಸಿದರು.

"ಬಾವ್ವ, 'ಸಾಕು', 'ಬೇಗ' ಅನ್ನೋಗಂಟ ನೀನೂ ಕುಂತ್ಕೊ."

ಮಗ ಒಂದೇ ದಿನಕ್ಕೆ ಪಾಸಾದ. ನಾನು ನಾಳೆಯೂ ಬರಬೇಕಂತೆ.