ಹನಿಯಕ್ಕ ಉಳಿಸಿದ ಪೆಟ್ರೋಲ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದ್ವೀಪದ ದಕ್ಕೆಯ ಪಕ್ಕ ಸೊಂಟಮಟ್ಟ ನೀರಿನಲ್ಲಿ ನಿಂತು ಹೆಂಗಸೊಬ್ಬಳು ದೋಣಿಯ ತಳವನ್ನು ಮರದ ಪಟ್ಟಿಯಿಂದ ಕೆರೆಯುತ್ತಿದ್ದಾಳೆ. ಅಂಟಿಕೊಂಡ ಚಿಪ್ಪುಗಳು ಒಂದೊಂದಾಗಿ ಉದುರುತ್ತವೆ. "ಈ ಹಾಳು ಚಿಪ್ಪನ್ನ ಒಂದು ವಾರ ಬಿಟ್ರೆ ಸಾಕು, ಓಟಕ್ಕೆ ಅರ್ಧ ಲೀಟರ್ ನುಂಗಿ ಕೂತಿರುತ್ತೆ" ಎಂದು ಬೈಯುತ್ತಲೇ ಮೇಲೆ ಹತ್ತುತ್ತಾಳೆ. ಒದ್ದೆ ಬಟ್ಟೆ ಹಿಂಡಿಕೊಳ್ಳುವ ಮೊದಲು ಅಂಗೈಯಗಲದ ಒಂದು ಡಬ್ಬಿಯ ಗಾಜನ್ನು ಒರೆಸುತ್ತಾಳೆ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ನಡುವೆ ಕೂತು, ಎಷ್ಟು ಪೆಟ್ರೋಲ್ ಹರಿಯಿತೆಂದು ಹನಿಹನಿಯ ಲೆಕ್ಕ ಒಪ್ಪಿಸುವ ಮೀಟರ್ ಅದು. ಅದರಿಂದಾಗಿಯೇ ಊರವರ ಬಾಯಲ್ಲಿ ಆಕೆ ಹನಿಯಕ್ಕ.

ಪ್ರಯಾಣಿಕರು ಬಂದರೆಂದರೆ ಆಕೆಯ ದರ್ಬಾರು ಶುರು. ಯಾರು ಎಲ್ಲಿ ಕೂರಬೇಕೆಂಬುದು ಅವರ ಇಷ್ಟವಲ್ಲ, ಅವರ ತೂಕದ ಮೇಲೆ. "ಬಡಗಿ, ಮುಂದೆ ಬಾರಪ್ಪ. ದಿನಾ ಹೇಳ್ಬೇಕಾ ನಿಂಗೆ?" ಎಂದರೆ, "ನಾಲ್ಕು ಜನರ ಎದುರು ನನ್ನ ಹೊಟ್ಟೆ ಯಾಕಕ್ಕಾ ಹರಾಜು ಹಾಕ್ತೀಯಾ?" ಎಂದು ಗೊಣಗುತ್ತಾ ಬಡಗಿ ಮೂತಿಯ ಕಡೆ ಸರಿಯುತ್ತಾನೆ. ಹಿಂದೆ ಭಾರ ಹೆಚ್ಚಾದರೆ ದೋಣಿ ಮೂಗೆತ್ತಿ ನೀರನ್ನು ದೂಡುತ್ತದೆ, ಪೆಟ್ರೋಲ್ ಗಟಗಟ ಕುಡಿಯುತ್ತದೆ. ಇದನ್ನು ಆಕೆಗೆ ಯಾವ ಪುಸ್ತಕವೂ ಹೇಳಿಕೊಟ್ಟಿದ್ದಲ್ಲ.

ಹನಿಯಕ್ಕ ಒಂಬತ್ತು ವರ್ಷ ಇದೇ ದೋಣಿಯಲ್ಲಿ ಚೀಟಿ ಹರಿದವಳು. ಚಾಲಕ ಕೆಲಸ ಬಿಟ್ಟು ಹೋದಾಗ ಬೇರೆ ಯಾರೂ ಮುಂದೆ ಬರಲಿಲ್ಲ, ಈಕೆ ಚುಕ್ಕಾಣಿ ಹಿಡಿದಳು. ಅದಾಗಿ ಹನ್ನೊಂದು ವರ್ಷ. ಮೂರು ವರ್ಷದ ಹಿಂದೆ ದೋಣಿ ಕಚೇರಿಯವರು ಬಂದು, ಈ ದೋಣಿ ವಿಪರೀತ ಕುಡಿಯುತ್ತದೆ, ಹೀಗೇ ಆದರೆ ನಿಲ್ಲಿಸುತ್ತೇವೆ ಎಂದು ಬೆದರಿಸಿ ಹೋದರು. ಆಗ ಆಚೆ ದಡದ ಮೆಕ್ಯಾನಿಕ್, ಗುಜರಿಗೆ ಬಂದ ದೋಣಿಯೊಂದರಿಂದ ಈ ಮೀಟರ್ ಬಿಚ್ಚಿ ತಂದು ಕೂರಿಸಿಕೊಟ್ಟ.

ನಾಲ್ಕು ತಿಂಗಳು ಆಕೆ ಮಾಡಿದ್ದು ಒಂದೇ ಕೆಲಸ. ಎಷ್ಟು ವೇಗ, ಎಷ್ಟು ಜನ, ನೀರಿನ ಸೆಳೆತ ಎತ್ತ, ಮೀಟರ್ ಎಷ್ಟು ತೋರಿಸಿತು, ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸುವುದು. ಮೊದಲು ಒಂದು ಓಟಕ್ಕೆ ಇಪ್ಪತ್ತೈದು ನಿಮಿಷ, ಒಂಬತ್ತು ಲೀಟರ್ ಹೋಗುತ್ತಿತ್ತು. ವೇಗ ತುಸು ತಗ್ಗಿಸಿ, ಭಾರ ಮುಂದಕ್ಕೆ ಸರಿಸಿ, ತಳ ಕೆರೆದ ಮೇಲೆ ಮೂವತ್ತನಾಲ್ಕು ನಿಮಿಷ, ಆರೂವರೆ ಲೀಟರ್. ದಿನಕ್ಕೆ ಹೋಗುವ ಮೂರು, ಬರುವ ಮೂರು, ಒಟ್ಟು ಆರು ಓಟಕ್ಕೆ ಐವತ್ತನಾಲ್ಕು ಲೀಟರ್ ಬೇಕಿದ್ದದ್ದು ಮೂವತ್ತೊಂಬತ್ತಕ್ಕೆ ಇಳಿಯಿತು. ದೋಣಿ ಉಳಿಯಿತು. ಕಚೇರಿಯವರು ಬೆನ್ನು ತಟ್ಟಿದರು.

ಆ ಬೆನ್ನು ತಟ್ಟಿಸಿಕೊಂಡದ್ದೇ ಮುಳುವಾಯಿತು ನೋಡಿ! ಕಳೆದ ವರ್ಷ ಒಂದು ದಿನ ನೀರಿನ ಸೆಳೆತ ಬೆನ್ನಿಗಿತ್ತು, ಗಾಳಿ ಇರಲಿಲ್ಲ, ಜನ ಆರೇ ಮಂದಿ. ದಡ ಮುಟ್ಟಿದಾಗ ಮೀಟರ್ ನಾಲ್ಕು ಪಾಯಿಂಟ್ ಎಂಟು ತೋರಿಸಿತು. ಹನಿಯಕ್ಕನಿಗೆ ಖುಷಿ ತಡೆಯಲಾಗಲಿಲ್ಲ. ಫೋಟೊ ತೆಗೆದು ಕಚೇರಿಗೆ ಕಳಿಸಿಬಿಟ್ಟಳು. ಅದೇ ಸೆಳೆತಕ್ಕೆ ಎದುರಾಗಿ ವಾಪಸ್ ಬರುವಾಗ ದೋಣಿ ಎಂಟು ಲೀಟರ್ ಕುಡಿದದ್ದನ್ನು ಕಳಿಸಲಿಲ್ಲ. ಹೆಮ್ಮೆಪಡುವವರು ಯಾರು ತಾನೆ ಅದನ್ನು ಕಳಿಸುತ್ತಾರೆ?

ಮುಂದಿನ ತಿಂಗಳು ಆದೇಶ ಬಂತು. ಓಟಕ್ಕೆ ನಾಲ್ಕು ಪಾಯಿಂಟ್ ಎಂಟರಂತೆ ಆರು ಓಟ, ದಿನಕ್ಕೆ ಇಪ್ಪತ್ತೊಂಬತ್ತು ಲೀಟರ್ ಮಾತ್ರ. ಅದರಲ್ಲಿ ನಾಲ್ಕು ಓಟವಾಗುತ್ತದೆ. ಮಿಕ್ಕ ಮೂರು ಲೀಟರನ್ನು ಕೂಡಿಡುವ ಹಾಗೂ ಇಲ್ಲ, ಮರುದಿನದ ಪಾಲಿನಲ್ಲಿ ಮುರಿದುಕೊಳ್ಳುತ್ತಾರೆ. ಸಂಜೆಯ ದೋಣಿ ನಿಂತುಹೋಯಿತು.

"ಸಮುದ್ರ ಹೋಗುವಾಗ್ಲೂ ಬರುವಾಗ್ಲೂ ನಮ್ಮ ಬೆನ್ನಿಗೇ ತಳ್ಳುತ್ತಾ ಸಾರ್ ಅಂತ ಕೇಳ್ದೆ. 'ನೀವೇ ಕಳಿಸಿದ ಫೋಟೊ ಅಲ್ವೇನಮ್ಮಾ' ಅಂದ್ರು. ನನ್ನ ಕೈಯಿಂದ ಪೆಟ್ರೋಲ್ ಹಾಕಿ ಓಡಿಸ್ತೀನಿ ಅಂದೆ. ಹೊತ್ತು ಮೀರಿ ದೋಣಿ ಕದಲಿಸಿದ್ರೆ ಕೆಲಸ ಹೋಗುತ್ತೆ ಅಂದ್ರು."

ಸಂಜೆಯ ದೋಣಿಯಲ್ಲಿ ಬರುತ್ತಿದ್ದವರಲ್ಲಿ ನಾಲ್ವರು ಆಚೆ ದಡದ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಳ್ಳುವವರು. ಒಬ್ಬಳು ಹನಿಯಕ್ಕನ ಒಡಹುಟ್ಟಿದ ತಂಗಿ. ಈಗ ಅವರು ಆಸ್ಪತ್ರೆಯಿಂದ ಸುಸ್ತಾಗಿ ಬಂದು, ಆಚೆ ದಡದ ದಕ್ಕೆಯ ತಗಡಿನ ಸೂರಿನಡಿ ಬೆಂಚಿನ ಮೇಲೆ ರಾತ್ರಿ ಕಳೆದು, ಬೆಳಗಿನ ದೋಣಿ ಕಾಯಬೇಕು. ಆ ನಾಲ್ವರಲ್ಲೊಬ್ಬನಾದ ಟೈಲರ್ ಮಾವ ಮೂರು ವಾರ ಹಾಗೆ ಮಲಗಿದ. ಆಮೇಲೆ "ಸಾಕಮ್ಮಾ, ನನ್ನಿಂದಾಗಲ್ಲ" ಎಂದು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟ. ಹನ್ನೊಂದನೇ ದಿನ ತೀರಿಕೊಂಡ.

"ನಾನೇ ಕೊಂದೆ ಅನ್ನಲ್ಲ. ಆದ್ರೆ ಆ ಫೋಟೊ ನನ್ನದೇ ಅಲ್ವಾ?" ಎನ್ನುತ್ತಾಳೆ ಹನಿಯಕ್ಕ. ಮೇಲಿನವರಿಗೆ ಏಳು ಅರ್ಜಿ ಹೋಗಿವೆ, ಉತ್ತರದ ಸುದ್ದಿಯಿಲ್ಲ. ಮೀಟರ್ ಕಿತ್ತೆಸೆಯಬಾರದೇ ಎಂದರೆ ತಲೆ ಅಲ್ಲಾಡಿಸುತ್ತಾಳೆ. ಅದಿಲ್ಲದಿದ್ದರೆ ಇಪ್ಪತ್ತೊಂಬತ್ತು ಲೀಟರಿನಲ್ಲಿ ಈ ನಾಲ್ಕು ಓಟವೂ ಆಗುವುದಿಲ್ಲವಂತೆ.

ದೋಣಿ ಆಚೆ ದಡ ಮುಟ್ಟುತ್ತದೆ. ಮೀಟರ್ ಆರು ಪಾಯಿಂಟ್ ಮೂರು. ಬಡಗಿ ಮತ್ತು ಉಳಿದವರು ಇಳಿದು ಹೋಗುತ್ತಾರೆ. ಬೆಂಚಿನಿಂದ ಮೂವರು ಏಳುತ್ತಾರೆ. ತಂಗಿಯ ಕಾಲು ಊದಿದೆ, ಕಂಬಳಿ ಇಬ್ಬನಿಗೆ ಒದ್ದೆಯಾಗಿದೆ. ಹೇಳಿಸಿಕೊಳ್ಳದೆ ನೇರ ಹೋಗಿ ಮೂತಿಯ ಕಡೆ ಕೂರುತ್ತಾಳೆ.

"ನೀನು ಎಲ್ಲಿ ಕೂತ್ರೂ ನಡೆಯುತ್ತೆ ಕಣೇ, ಗಾಳಿ ಬೀಳದ ಕಡೆ ಬಾ" ಎನ್ನುತ್ತಾಳೆ ಹನಿಯಕ್ಕ.

"ಗೊತ್ತು ಬಿಡು. ನಲವತ್ತೊಂದು ಕೆಜಿ ಈಗ. ನಾನು ಇಳಿದಷ್ಟೂ ನಿನ್ನ ಮೀಟರಿಗೆ ಲಾಭ ಅಲ್ವೇನೇ?" ತಂಗಿ ನಗುತ್ತಾಳೆ. ಅಕ್ಕ ನಗುವುದಿಲ್ಲ. ಹಗ್ಗ ಬಿಚ್ಚುತ್ತಾಳೆ.

ನಿನಗೇನು ಆಸೆ ಎಂದು ಕೇಳಿದರೆ ಹನಿಯಕ್ಕ ಮೂತಿಯ ಕಡೆ ಒಮ್ಮೆ ನೋಡುತ್ತಾಳೆ. ಆಮೇಲೆ, ತಂಗಿಗೆ ಕೇಳಿಸದಂತೆ ಮೆಲ್ಲಗೆ ಹೇಳುತ್ತಾಳೆ:

"ಒಂದೇ ಒಂದು ಸಂಜೆ ಸಾಕು. ಮೀಟರಿಗೆ ಬಟ್ಟೆ ಮುಚ್ಚಿ, ಪೂರ್ತಿ ವೇಗ ಬಿಟ್ಟು, ಇಪ್ಪತ್ತೈದೇ ನಿಮಿಷಕ್ಕೆ ಇವಳನ್ನ ಮನೆ ಸೇರಿಸಿ, ಅವಳ ಹಾಸಿಗೇಲಿ ಮಲಗಿಸ್ಬೇಕು. ಎಷ್ಟು ಕುಡೀತು ಅಂತ ಆಮೇಲೂ ನೋಡಲ್ಲ."